ಒಂದು ದಿನ ಮುಂಚೆ

ಟ್ಯಾಂಕರಿಗೆ ಪೈಪು ಸಿಕ್ಕಿಸಿ ಹಾಲು ತುಂಬುವುದನ್ನು ಕಾಯುತ್ತಿದ್ದ ಮ್ಯಾಲಕಿ ಟೈನನ್, ಹಿಂದಿನಿಂದ ಮುದುಕ ಡ್ವಾಯರನ ಬೂಟುಗಳ ಸದ್ದು ಕೇಳಿಸಿದಾಗ, ಈಗ ಕೇಳುತ್ತಾನೆ ಎಂದುಕೊಂಡು ಹೆಗಲು ಬಿಗಿಹಿಡಿದ. ಆರು ವರ್ಷದಿಂದ ಕೇಳುತ್ತ ಬಂದಿದ್ದ ಪ್ರಶ್ನೆ. ಡ್ವಾಯರ್ ಒಬ್ಬನೇ ಅಲ್ಲ. ಬೆಳಿಗ್ಗೆ ಹೊರಟು ಹನ್ನೊಂದು ಮನೆಗಳ ಹಾಲು ಎತ್ತುವಷ್ಟರಲ್ಲಿ ಯಾವುದಾದರೊಂದು ಅಂಗಳದಲ್ಲಿ ಯಾರಾದರೊಬ್ಬರು, ಬೇಲಿಗೆ ಮೊಣಕೈ ಊರಿ, ಏನೂ ಗೊತ್ತಿಲ್ಲದವರ ಮುಖ ಮಾಡಿಕೊಂಡು, 'ಮ್ಯಾಲಕಿ, ಇವತ್ತು ತಾರೀಖೆಷ್ಟಪ್ಪಾ?' ಎಂದು ಕೇಳದೆ ಬಿಟ್ಟ ದಿನವಿರಲಿಲ್ಲ. ಅವನೂ ನಗುತ್ತಿದ್ದ. ನಗದಿದ್ದರೆ ಇನ್ನೂ ಎರಡು ಸಲ ಕೇಳುತ್ತಾರೆಂದು ಗೊತ್ತಿತ್ತು. ಆದರೆ ಇವತ್ತು ಡ್ವಾಯರ್ ಟೋಪಿಯನ್ನು ಹಿಂದಕ್ಕೆ ಸರಿಸಿ, ಪೈಪಿನ ಕಡೆಯೇ ನೋಡುತ್ತ, 'ಕ್ಲಾನ್ಮೆಲ್‌ನಲ್ಲಿ ನಿನ್ನ ಕುದುರೆ ರೇಸಿಗಿಳಿಯುತ್ತಂತಲ್ಲ ಇವತ್ತು. ಒಳ್ಳೇದಾಗ್ಲಿ ಕಣಪ್ಪಾ' ಎಂದ. ಸಾವಿನ ಮನೆಗೆ ಹೋದವರು ಬಾಗಿಲಲ್ಲಿ ನಿಂತು ಆಡುವ ದನಿ. ಇವನಿಗೂ ಗೊತ್ತಾಗಿದೆ ಹಾಗಾದರೆ. ತಾರೀಖು ಕೇಳಿದ್ದರೇ ಚೆನ್ನಾಗಿತ್ತು, ಹಾಳು ಮುದುಕ.

ಗೊತ್ತಾಗದೆ ಏನು? ಫಾನ್ಸಿ ಡೆಲಹಂಟಿ ಬಾಯಿಗೆ ಬಿದ್ದದ್ದು ಊರಿಗೆ ಬಿದ್ದ ಹಾಗೆಯೇ. ಫಾನ್ಸಿಗೆ ನಲವತ್ತು ಕುದುರೆಗಳ ಲಾಯವಿತ್ತು, ಎರಡು ಲಾರಿಗಳಿದ್ದವು, ಯಾರ ಮನೆಯ ಕುದುರೆ ಕೆಲಸಕ್ಕೆ ಬಾರದಾಯಿತೋ ಅದನ್ನು ಒಯ್ದು ಎಲ್ಲೋ ಸಮುದ್ರತೀರದಲ್ಲಿ ಪ್ರವಾಸಿಗರನ್ನು ಹೊರುವ ಕೆಲಸಕ್ಕೆ ದಾಟಿಸುವ ದಾರಿಗಳಿದ್ದವು. ಶನಿವಾರ ಲಾರಿ ಕಳಿಸುತ್ತೇನೆ ಎಂದಿದ್ದ. ಇವತ್ತು ಗುರುವಾರ. ಮ್ಯಾಲಕಿಯ ಕುದುರೆ ನೋರಿ ಇವತ್ತು ಗೆದ್ದರೆ ಮನೆಯಲ್ಲೇ ಉಳಿಯುತ್ತಾಳೆ, ಬರುವ ವರ್ಷ ಮರಿ ಹಾಕುವ ಕುದುರೆಯಾಗುತ್ತಾಳೆ. ಇಲ್ಲವಾದರೆ ಶನಿವಾರ ಲಾರಿ. ಇದು ಮ್ಯಾಲಕಿ ಮತ್ತು ಅವನ ಅಕ್ಕ ಸ್ಟೇಶಿಯಾ ಅಡುಗೆಮನೆಯ ಮೇಜಿನ ಎದುರುಬದುರು ಕೂತು ಮಾಡಿಕೊಂಡ ಒಪ್ಪಂದ. ಒಂಬತ್ತು ಸಲ ಓಡಿ ಒಂಬತ್ತು ಸಲವೂ ಸೋತು ಬಂದ ಕುದುರೆಯ ಹೊಟ್ಟೆಯಲ್ಲಿ ಹುಟ್ಟಿದ ಮರಿಯನ್ನು ಯಾರು ಕೊಳ್ಳುತ್ತಾರೆ ಎಂದು ಸ್ಟೇಶಿಯಾ ಕೇಳಿದ್ದಳು. ಅಪ್ಪನಿಗೆ ಮದುವೆಯಲ್ಲಿ ಬಳುವಳಿಯಾಗಿ ಬಂದ ಕುದುರೆಯ ಮಗಳ ಮಗಳ ಮಗಳು ನೋರಿ. ಅವಳ ತಾಯಿ ಕಳೆದ ಚಳಿಗಾಲದಲ್ಲಿ ಸತ್ತಿತ್ತು. ಆ ವಂಶದಲ್ಲಿ ಇನ್ನು ಉಳಿದವಳು ಇವಳೊಬ್ಬಳೇ. ಮ್ಯಾಲಕಿಗೂ ಮಕ್ಕಳಿಲ್ಲ, ಸ್ಟೇಶಿಯಾಗೂ ಇಲ್ಲ; ಆದರೆ ಅದರ ಬಗ್ಗೆ ಅವರಿಬ್ಬರೂ ಯಾವತ್ತೂ ಮಾತಾಡಿದ್ದಿಲ್ಲ, ಕುದುರೆಯ ಬಗ್ಗೆ ಮಾತ್ರ ಮಾತಾಡಿದ್ದರು.

ತಪ್ಪು ಶುರುವಾದದ್ದು ಬಲ್ಬಿನಿಂದ. ಟ್ಯಾಂಕರನ್ನು ಹಾಲಿನ ಡೈರಿಗೆ ಒಪ್ಪಿಸಿ, ಸೈಕಲ್ಲು ತುಳಿದು ಮನೆಗೆ ಬರುವಾಗಲೂ ಅವನ ಕಣ್ಣ ಮುಂದೆ ಆ ಬಲ್ಬೇ ಉರಿಯುತ್ತಿತ್ತು. ಅಪ್ಪನ ಕಾಲದಲ್ಲಿ ಮೇ ತಿಂಗಳಲ್ಲಿ ಹುಲ್ಲು ಚಿಗುರಿದ ಮೇಲೆ ಹೆಣ್ಣುಗುದುರೆಯನ್ನು ಗಂಡಿನ ಹತ್ತಿರ ಒಯ್ಯುತ್ತಿದ್ದರು. ಹನ್ನೊಂದು ತಿಂಗಳಿಗೆ, ಏಪ್ರಿಲಿನ ಬಿಸಿಲಲ್ಲಿ ಮರಿ ಬೀಳುತ್ತಿತ್ತು. ಆದರೆ ರೇಸಿನ ಲೆಕ್ಕದಲ್ಲಿ ಎಲ್ಲ ಕುದುರೆಗಳಿಗೂ ಹುಟ್ಟುಹಬ್ಬ ಒಂದೇ, ಜನವರಿ ಒಂದು. ಯಾವ ತಿಂಗಳಲ್ಲೇ ಹುಟ್ಟಿರಲಿ, ಜನವರಿ ಒಂದಕ್ಕೆ ಎಲ್ಲಕ್ಕೂ ಒಂದೊಂದು ವರ್ಷ ತುಂಬಿತೆಂದೇ ಬರೆದುಕೊಳ್ಳುತ್ತಾರೆ. ಹಾಗಾಗಿ ಜನವರಿಯಲ್ಲೇ ಹುಟ್ಟಿದ ಮರಿಗೆ ಏಪ್ರಿಲಿನ ಮರಿಗಿಂತ ಮೂರು ತಿಂಗಳ ಮೈ ಹೆಚ್ಚು, ಕಾಲು ಉದ್ದ, ಹರಾಜಿನಲ್ಲಿ ಬೆಲೆ ಜಾಸ್ತಿ. ದೊಡ್ಡ ಲಾಯದವರು ಡಿಸೆಂಬರಿನಿಂದಲೇ ಕುದುರೆಯ ಕೋಣೆಯಲ್ಲಿ ಹದಿನಾರು ಗಂಟೆ ಬಲ್ಬು ಉರಿಸಿ ಅದಕ್ಕೆ ಬೇಸಿಗೆ ಬಂತೆಂದು ನಂಬಿಸುತ್ತಾರೆ. ಪಾಪ, ನಂಬಿ ಬೇಗ ಬೆದೆಗೆ ಬರುತ್ತದೆ. ಮ್ಯಾಲಕಿಯೂ ಒಂದು ಬಲ್ಬು ತಂದ. ಸ್ಟೇಶಿಯಾ ಸ್ವಿಚ್ಚಿನ ಹತ್ತಿರ ನಿಂತು, 'ಅಪ್ಪ ಇದ್ದಿದ್ರೆ ಕರೆಂಟಿನವರಿಗೆ ಹೇಳಿ ಕಂಬಾನೇ ಕೀಳಿಸ್ತಿದ್ರು' ಎಂದಳು. ಅವನು ಕೇಳಲಿಲ್ಲ. ಫೆಬ್ರವರಿಯ ಮಧ್ಯದಲ್ಲಿ, ಗಂಡುಗುದುರೆಗಳ ಲಾಯದ ಬಾಗಿಲು ತೆರೆದ ಮೊದಲ ದಿನವೇ, ಮೊದಲ ಸಾಲಿನಲ್ಲಿ ಅವನ ಕುದುರೆ, ನೋರಿಯ ತಾಯಿ, ನಿಂತಿತ್ತು. ಎಷ್ಟು ಹೆಮ್ಮೆ ಪಟ್ಟಿದ್ದ! ಜನವರಿ ಇಪ್ಪತ್ತಕ್ಕೆ ಮರಿ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದ. ಗಬ್ಬದ ಕುದುರೆಗೆ ಚಳಿಗಾಲ ಬೆಳಕಿರಲಿ ಎಂದು ಎರಡನೇ ವರ್ಷವೂ ಬಲ್ಬು ಉರಿಸಿದ. ಅದು ಅವಸರಪಟ್ಟು ಇಪ್ಪತ್ತು ದಿನ ಮುಂಚೆಯೇ, ಡಿಸೆಂಬರ್ ಮೂವತ್ತೊಂದರ ಬೆಳಿಗ್ಗೆ ಹತ್ತೂವರೆಗೆ, ಮರಿ ಹಾಕಿತು.

ಇಪ್ಪತ್ತು ದಿನ ಮುಂಚೆ ಬಂದದ್ದು ತಪ್ಪಲ್ಲ. ಒಂದು ದಿನ ಮುಂಚೆ ಬಂದದ್ದು ತಪ್ಪು. ಮಾರನೆಯ ದಿನ ಜನವರಿ ಒಂದು. ಎದ್ದು ನಿಲ್ಲಲು ಇನ್ನೂ ಕಲಿಯುತ್ತಿದ್ದ, ಗೊರಸು ಇನ್ನೂ ಮೆತ್ತಗಿದ್ದ ಆ ಮರಿಗೆ ಕಾಗದದ ಮೇಲೆ ಒಂದು ವರ್ಷ ತುಂಬಿತು. ಅಂದಿನಿಂದ ಸಾಯುವ ತನಕ ತನಗಿಂತ ಹತ್ತು ಹನ್ನೊಂದು ತಿಂಗಳು ದೊಡ್ಡವರ ಜೊತೆಗೇ ಓಡಬೇಕು. ಇಂಥದ್ದಕ್ಕೂ ದಾರಿ ಇರುತ್ತದೆ, ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ದನದ ಡಾಕ್ಟರು ಕ್ಯೂಸಾಕ್ ಫೋನಿನಲ್ಲಿ ಕೆಮ್ಮಿ, 'ನಾನು ಮೂರನೇ ತಾರೀಖಿನವರೆಗೆ ಬರೋಕಾಗಲ್ಲ ಮ್ಯಾಲಕಿ. ಬಂದಾಗ ಏನು ನೋಡ್ತೀನೋ ಅದನ್ನ ಬರೀತೀನಿ' ಎಂದಿದ್ದ. ಬಾಯಿಗೆ ಬೀಗ ಹಾಕಿಕೊಂಡು ಹದಿನಾಲ್ಕು ಗಂಟೆ ಕಳೆದಿದ್ದರೆ ಸಾಕಿತ್ತು, ಕಾಗದದಲ್ಲಿ ಮರಿ ಜನವರಿ ಒಂದರದ್ದಾಗುತ್ತಿತ್ತು. ಹದಿನಾಲ್ಕೇ ಗಂಟೆ! ಆದರೆ ಕ್ಯೂಸಾಕ್ ಫೋನು ಮಾಡುವ ಹೊತ್ತಿಗೆ ಕೆಲಸ ಕೆಟ್ಟಿತ್ತು. ಒದ್ದೆ ಹುಲ್ಲಿನ ಮೇಲೆ ಕೂತಿದ್ದ ಮರಿ ತಲೆಯೆತ್ತಿದಾಗ, ಅದರ ಹಣೆಯ ಮೇಲೆ ಹೆಬ್ಬೆರಳಷ್ಟು ಬಿಳಿ ಚುಕ್ಕೆ, ಅಪ್ಪನ ಕುದುರೆಗಿದ್ದ ಅದೇ ಚುಕ್ಕೆ ಕಂಡದ್ದೇ ತಡ, ಮ್ಯಾಲಕಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೆಸರಿನಲ್ಲಿ ಸಿಕ್ಕಿದ ಒಂದು ಬೂಟನ್ನು ಅಲ್ಲೇ ಬಿಟ್ಟು ಓಡಿದ. ಅರ್ಧ ಮೈಲಿ ಓಡಿ ಕೂಡುರಸ್ತೆಯ ಅಂಗಡಿಯ ಬಾಗಿಲು ದೂಡಿ, ಹೊಸ ವರ್ಷಕ್ಕೆ ಹಂದಿಮಾಂಸ, ಮೇಣದಬತ್ತಿ, ವಿಸ್ಕಿ ಕೊಳ್ಳುತ್ತ ನಿಂತಿದ್ದ ಇಪ್ಪತ್ತು ಮೂವತ್ತು ಜನರ ಎದುರು, 'ಹೆಣ್ಣು ಮರಿ! ಚುಕ್ಕೆ ಇದೆ ಕಣ್ರೋ, ಅಪ್ಪನ ಕುದುರೇದೇ ಚುಕ್ಕೆ!' ಎಂದು ಕೂಗಿದ. ಎಲ್ಲರೂ ಸುಮ್ಮನಾದರು. ಗಲ್ಲಾಪೆಟ್ಟಿಗೆಯ ಪಕ್ಕ ಒರಗಿ ನಿಂತಿದ್ದ ಫಾನ್ಸಿ ಡೆಲಹಂಟಿ ಗೋಡೆಯ ಕ್ಯಾಲೆಂಡರಿನ ಕಡೆ ನಿಧಾನವಾಗಿ ತಿರುಗಿ, ಮತ್ತೆ ಇವನ ಕಡೆ ತಿರುಗಿ, ಬಹಳ ಮೃದುವಾಗಿ, 'ಮ್ಯಾಲಕಿ, ಇವತ್ತು ತಾರೀಖೆಷ್ಟು?' ಎಂದು ಕೇಳಿದ. ಆಮೇಲೆ ಎದ್ದ ನಗು ಇನ್ನೂ ನಿಂತಿಲ್ಲ.

ನಿಜವನ್ನೇ ಬರೆಯದೆ ಬೇರೆ ದಾರಿಯಿರಲಿಲ್ಲ, ಬರೆದ. ಅಷ್ಟಕ್ಕೇ ಮುಗಿದಿದ್ದರೆ ಅವನು ಬರೀ ಮೂರ್ಖನಾಗಿ ನೆಮ್ಮದಿಯಿಂದ ಇರಬಹುದಿತ್ತು. ಒಂದು ಭಾನುವಾರ ಇಗರ್ಜಿಯ ಬಾಗಿಲಿನ ಹೊರಗೆ ಛತ್ರಿ ಬಿಚ್ಚುತ್ತ ನಿಂತಾಗ, ಒಳಗೆ ಸ್ಟೇಶಿಯಾ ಪಾದ್ರಿಗೆ, 'ನಮ್ಮ ಮ್ಯಾಲಕಿ ಕೈಲಿ ಸುಳ್ಳು ಬರೆಯೋಕಾಗಲ್ಲ ಫಾದರ್, ಎಷ್ಟೇ ನಷ್ಟ ಆಗ್ಲಿ' ಎಂದದ್ದು ಕೇಳಿಸಿತು. ಅವನಿಗೆ ಯಾರೋ ಮುಖಕ್ಕೆ ಹೊಡೆದ ಹಾಗಾಯಿತು. ಸುಳ್ಳು ಬರೆಯಲು ಅವನಿಗೆ ಏನೂ ಅಡ್ಡಿಯಿರಲಿಲ್ಲ! ಕ್ಯೂಸಾಕ್ ಮೊದಲೇ ಫೋನು ಮಾಡಿದ್ದರೆ ಕಣ್ಣು ಮುಚ್ಚಿ ಬರೆಯುತ್ತಿದ್ದ. ಬಾಯಿ ನಿಲ್ಲದ್ದಕ್ಕೆ ಸತ್ಯವಂತನಾದ. ಅಂದಿನಿಂದ ಅಕ್ಕ ಅವನ ತಟ್ಟೆಗೆ ದೊಡ್ಡ ಆಲೂಗಡ್ಡೆ ಬಡಿಸಿದಾಗಲೆಲ್ಲ ಕಳ್ಳನಂತೆ ತಿಂದ. ಮೂರನೇ ವರ್ಷದ ಹರಾಜಿನಲ್ಲಿ ನೋರಿಯನ್ನು ಹಿಡಿದು ವೃತ್ತದಲ್ಲಿ ಸುತ್ತಿದಾಗ, ಅವಳ ಹಿಂದೆಮುಂದೆ ಇದ್ದವು ಬೆಳೆದ ಕುದುರೆಗಳು, ಇವಳು ಅವುಗಳ ಮಗಳಿದ್ದಂತೆ ಕಾಣುತ್ತಿದ್ದಳು. ಹರಾಜು ಕೂಗುವವನು 'ಡಿಸೆಂಬರ್ ಮೂವತ್ತೊಂದರ ಹುಟ್ಟು' ಎಂದು ಓದಿ ಒಂದು ಕ್ಷಣ ತಡೆದದ್ದಕ್ಕೆ ಸಾಲುಸಾಲಾಗಿ ಕೂತವರು ನಕ್ಕರು, ಯಾರೂ ಕೈಯೆತ್ತಲಿಲ್ಲ. ಅವತ್ತೂ ಸ್ಟೇಶಿಯಾ ಬಂದಿದ್ದಳು. ದಾರಿಯಲ್ಲಿ ಬರುವಾಗ, 'ತಲೆಯೆತ್ಕೊಂಡು ನಡಿ, ನೀನೇನು ತಪ್ಪು ಮಾಡಿಲ್ಲ' ಎಂದಿದ್ದಳು. ಅದಕ್ಕಿಂತ ಅವಳು ಬೈದಿದ್ದರೆ ಒಳ್ಳೆಯದಿತ್ತು.

ಇವತ್ತು ಅವನು ಮನೆಗೆ ಬಂದಾಗ ಸ್ಟೇಶಿಯಾ ಅಮ್ಮನ ಹಸಿರು ಕೋಟು ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದಳು. ಹರಾಜಿನ ದಿನದ ನಂತರ ಅವಳು ನೋರಿಯ ಜೊತೆ ಎಲ್ಲಿಗೂ ಬಂದವಳಲ್ಲ.

'ನೀನೂ ಬರ್ತೀಯಾ?' ಎಂದ.

'ಕೊನೇ ಸಲ ಅಲ್ವಾ. ಬರದೆ?' ಎಂದು ಅವಳು ಕೈಚೀಲದಿಂದ ತೀರ್ಥದ ಬಾಟಲಿ ತೆಗೆದು ನೋರಿಯ ಹಣೆಯ ಚುಕ್ಕೆಯ ಮೇಲೆ ಚಿಮುಕಿಸಿದಳು. ಕುದುರೆ ತಲೆ ಕೊಡವಿ ಅರ್ಧ ತೀರ್ಥವನ್ನು ಅವಳ ಕೋಟಿಗೇ ಸಿಡಿಸಿತು. 'ನೋಡು, ಇವಳಿಗಿಂತ ನನಗೇ ಜಾಸ್ತಿ ಬೇಕಾಗಿತ್ತು ಅಂತ ಕಾಣುತ್ತೆ.'

ಕುದುರೆಯ ಗಾಡಿ ಎಳೆಯುವ ಹಳೆ ಜೀಪಿನಲ್ಲಿ ಇಬ್ಬರೂ ಹೊರಟರು. ಸ್ಟೇಶಿಯಾಳ ತೊಡೆಯ ಮೇಲೆ ಅವಳೇ ಹೆಣೆದ, ಓಟದಲ್ಲಿ ಜಾಕಿ ತೊಡುವ ಉಣ್ಣೆಯಂಗಿ ಇತ್ತು, ಚಹಾದ ಬಣ್ಣದ ಮೈ, ಹಳದಿ ತೋಳು. ಅವಳು ಅದರ ಮೊಣಕೈಯಲ್ಲಿ ಎದ್ದಿದ್ದ ಎಳೆಯೊಂದನ್ನು ಒಳಗೆ ತಳ್ಳುತ್ತಲೇ ಇದ್ದಳು. ತಾನು ಅಂಥ ಸತ್ಯವಂತನಲ್ಲವೆಂದು ಹೇಳಿಬಿಡಬೇಕು, ಶನಿವಾರ ಲಾರಿ ಬರುವ ಮೊದಲು ಹೇಳಿಬಿಡಬೇಕು ಎಂದು ಮ್ಯಾಲಕಿ ಪ್ರತಿ ತಿರುವಿನಲ್ಲೂ ಬಾಯಿ ತೆರೆದ. ಪ್ರತಿ ತಿರುವಿನಲ್ಲೂ ಗೇರು ಬದಲಿಸುವುದಿರುತ್ತಿತ್ತು. ಕನ್ನಡಿಯಲ್ಲಿ ಗಾಡಿಯೊಳಗಿನ ನೋರಿಯ ಕಿವಿಗಳು ಕಾಣುತ್ತಿದ್ದವು. ಆ ಕಿವಿಗಳಿಗೆ ಯಾವುದರ ಪರಿವೆಯೂ ಇರಲಿಲ್ಲ. ಇನ್ನು ಆರು ವಾರಕ್ಕೆ ಅವಳಿಗೆ ನಿಜವಾಗಿ ಆರು ವರ್ಷ. ಕಾಗದದ ಮೇಲೆ ಆಗಲೇ ಆರು ತುಂಬಿ ಏಳಕ್ಕೆ ಹೊರಟಿದ್ದಳು. ಬಿದ್ದ ಮಳೆಗೆ ನೆಲ ಮೆತ್ತಗಾಗಿತ್ತು, ಅದು ಅವಳಿಗೆ ಇಷ್ಟ. ಈ ಬೇಸಿಗೆಯಲ್ಲಿ ಅವಳ ಎದೆ ಅಗಲವಾಗಿತ್ತು, ಕುತ್ತಿಗೆ ತುಂಬಿಕೊಂಡಿತ್ತು. ಬೆಳಿಗ್ಗೆ ಗುಡ್ಡದ ಹೊಲದಲ್ಲಿ ಅವಳನ್ನು ಓಡಿಸುವಾಗ ಒಂದೆರಡು ಸಲ ಅವನಿಗೆ, ಈಗ ಸಮವಾದಳೇನೋ, ಆ ಕಳೆದುಹೋದ ತಿಂಗಳುಗಳನ್ನು ಕೊನೆಗೂ ಹಿಡಿದುಬಿಟ್ಟಳೇನೋ ಅನ್ನಿಸಿತ್ತು. ಹೇಳಿಕೊಳ್ಳಲು ಹೆದರಿದ್ದ. ಹೇಳಿದ್ದೆಲ್ಲ ಕೆಡುತ್ತದೆ ಎಂದು ಅವನಿಗೆ ಆರು ವರ್ಷದ ಪಾಠವಾಗಿತ್ತು.

ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತಾಡಿಸುವ ಅಂಗಳದಲ್ಲಿ ಹದಿನಾಲ್ಕು ಹೆಣ್ಣುಗುದುರೆಗಳು. ಇದುವರೆಗೆ ಒಂದೂ ಗೆಲ್ಲದವು ಮಾತ್ರ ಓಡುವ ಓಟ. ಎರಡೂವರೆ ಮೈಲಿ, ದಾರಿಯುದ್ದಕ್ಕೂ ಹಾರಬೇಕಾದ ಬೇಲಿಗಳು, ಕೊನೆಗೊಂದು ಏರು. ಮುಂದೆ ನಡೆಯುತ್ತಿದ್ದ ಲೇಡಿ ಕ್ಲೋವರ್ ಫಾನ್ಸಿಯದು. ಎಲ್ಲರೂ ಅದರ ಮೇಲೆಯೇ ಹಣ ಕಟ್ಟಿದ್ದರು. ಬೇಲಿಗೆ ಒರಗಿದ್ದ ಫಾನ್ಸಿ, ಕಂದು ಟೋಪಿ, ಒಳ್ಳೆಯ ಬೂಟು, ನೋರಿ ಹತ್ತಿರ ಬಂದಾಗ ಸುತ್ತಲಿನವರಿಗೂ ಕೇಳಿಸುವಂತೆ, 'ಶನಿವಾರ ಹತ್ತು ಗಂಟೆಗೆ ಬರ್ಲಾ, ಹನ್ನೊಂದಕ್ಕೆ ಬರ್ಲಾ? ಶನಿವಾರ ಯಾವ ತಾರೀಖು ಅಂತ ನಿನಗೆ ಗೊತ್ತಲ್ಲ?' ಎಂದ. ಜನ ನಕ್ಕರು. ಮ್ಯಾಲಕಿಯೂ ಅಭ್ಯಾಸಕ್ಕೆ ನಗಲು ಹೋದ, ತುಟಿ ಒಪ್ಪಲಿಲ್ಲ. ಬೇಲಿಯ ಆಚೆಯಿಂದ ಸ್ಟೇಶಿಯಾ, 'ನೀನು ಬಂದಾಗ ನಾಯಿ ಬಿಚ್ಚಿರ್ತೀನಿ ಫಾನ್ಸಿ, ನೋಡ್ಕೊಂಡು ಬಾ' ಎಂದಳು. ಇನ್ನೂ ಜೋರಾಗಿ ನಕ್ಕರು.

ಉಣ್ಣೆಯಂಗಿಯೊಳಗೆ ಕೆರೆದುಕೊಳ್ಳುತ್ತ ನಿಂತಿದ್ದ ಜಾಕಿ ಜೆರ್ ಮೊಲೋನಿ, 'ಹೇಗೆ ಓಡಿಸ್ಲಿ?' ಎಂದು ಕೇಳಿದ. 'ಅವಳಿಗೆ ಅವಸರ ಮಾಡಬೇಡ' ಎಂದ ಮ್ಯಾಲಕಿ. ಆ ಮಾತು ತನ್ನ ಬಾಯಿಂದಲೇ ಬಂತಲ್ಲ ಎಂದು ನೋರಿಯ ಕುತ್ತಿಗೆ ಸವರಿದ. 'ಎಲ್ಲರೂ ಅವಳಿಗೆ ಅವಸರ ಮಾಡಿದಾರೆ. ನೀನು ಮಾಡಬೇಡ. ಕೊನೇ ಬೇಲಿ ದಾಟಿ ಏರು ಬಂದಾಗ ಕೇಳು, ಕೊಡ್ತಾಳೆ.'

ಅವನು ಯಾವತ್ತೂ ಗ್ಯಾಲರಿಯಲ್ಲಿ ನಿಂತು ನೋಡಿದವನಲ್ಲ. ಏರಿನ ಬುಡದಲ್ಲಿ, ಕೊನೆಯ ಬೇಲಿಯ ಹತ್ತಿರ ಹೋಗಿ ಒಬ್ಬನೇ ನಿಂತ. ಅಲ್ಲಿಂದ ಗುರಿಗಂಬ ಕಾಣುವುದಿಲ್ಲ. ಸೋಲನ್ನು ಕಣ್ಣಾರೆ ಕಾಣುವ ಕಷ್ಟವಿಲ್ಲ. ಮೈಕಿನವನ ದನಿ ಗಾಳಿಯಲ್ಲಿ ಬಂದು ಹೋಗುತ್ತಿತ್ತು, ಹೆಸರುಗಳ ಬಾಲ ಮಾತ್ರ ಕೇಳುತ್ತಿತ್ತು. ಜೇಬಿನಲ್ಲಿ ಬೆಣ್ಣೆಕಾಗದ ಸುತ್ತಿದ ಬ್ರೆಡ್ಡು ಇತ್ತು, ಅದನ್ನು ಹಿಸುಕುತ್ತ ನಿಂತ. ಹುಟ್ಟಿದ ದಿನ ಮರಿ ಎದ್ದು ನಿಲ್ಲಲು ನಾಲ್ಕು ಸಲ ಬಿದ್ದಿತ್ತು; ಬಿದ್ದಾಗಲೆಲ್ಲ ಅವನ ಮುಖವನ್ನೇ ನೋಡಿತ್ತು, ಇಷ್ಟು ಅವಸರ ಯಾಕೆ ಮಾಡಿದೆ ಎನ್ನುವಂತೆ. ನೆಲ ಅದುರಿತು. ತಿರುವಿನಿಂದ ಕುದುರೆಗಳು ಬಂದವು. ಮುಂದೆ ಲೇಡಿ ಕ್ಲೋವರ್, ಆರಾಮಾಗಿ, ಅದರ ಹಿಂದೆ ಎರಡು, ಅದರ ಹಿಂದೆ ಕೆಸರು ಮೆತ್ತಿ ಬಣ್ಣವೇ ಗೊತ್ತಾಗದ ಒಂದು. ಚಹಾದ ಬಣ್ಣವೋ, ಕೆಸರೋ? ಬೇಲಿಯ ಮುಂದೆ ಅದು ಕಿವಿ ನಿಮಿರಿಸಿತು. ಕನ್ನಡಿಯಲ್ಲಿ ಕಂಡ ಕಿವಿಗಳು! ಬೇಲಿಯ ಮೇಲೆ ಒಂದು ಕ್ಷಣ ಅವಳ ಹೊಟ್ಟೆ, ಗೊರಸು, ಹಣೆಯ ಬಿಳಿ ಚುಕ್ಕೆ ಅವನ ತಲೆಯ ಮಟ್ಟಕ್ಕೆ ಬಂದು, ಇಳಿದು, ಏರಿನ ಕಡೆ ಹೋಯಿತು. ಮೂರನೆಯವಳು. ಇಲ್ಲ, ಇಳಿಯುವಾಗಲೇ ಎರಡನೆಯವಳು. ಜೆರ್ ಇನ್ನೂ ಚಾಟಿ ಎತ್ತಿರಲಿಲ್ಲ. ಮೈ ಬಗ್ಗಿಸಿ ಅವಳ ಕಿವಿಯ ಹತ್ತಿರ ಏನೋ ಕೇಳುತ್ತಿದ್ದ.

ಆಮೇಲೆ ಮ್ಯಾಲಕಿ ಓಡುತ್ತಿದ್ದ. ಯಾವಾಗ ಶುರುಮಾಡಿದನೋ ಅವನಿಗೇ ಗೊತ್ತಿಲ್ಲ. ಐವತ್ತೆರಡು ವರ್ಷದವನು, ಹೊಟ್ಟೆಯಿದ್ದವನು, ಕಟಕಟೆಯ ಪಕ್ಕದ ಕೆಸರಿನಲ್ಲಿ ಏರು ಹತ್ತಿ ಓಡುತ್ತಿದ್ದ. ಟೋಪಿ ಹಾರಿತು. ಯಾರದೋ ಛತ್ರಿ ಮೊಣಕಾಲಿಗೆ ಬಡಿಯಿತು. ಮೈಕಿನವನು ಲೇಡಿ ಕ್ಲೋವರ್ ಲೇಡಿ ಕ್ಲೋವರ್ ಎನ್ನುತ್ತಲೇ ಇದ್ದ, ಸಾಯಲಿ ಅವನು, ಆಮೇಲೆ ಲೇಡಿ ಕ್ಲೋವರ್ ಮತ್ತು ಎಂದ, ಮತ್ತು ಏನು, ಬೊಗಳು! ಮತ್ತು ಲೇಟ್ ಡಿಸೆಂಬರ್. ನೋರಿಯ ರೇಸಿನ ಹೆಸರು ಅದು. ನಗುವವರು ನಗಲಿ ಎಂದು ಸ್ಟೇಶಿಯಾಳೇ ಹಟ ಹಿಡಿದು ಇಟ್ಟ ಹೆಸರು. ಲೇಟ್ ಡಿಸೆಂಬರ್, ಮೈಕಿನವನ ದನಿ ಒಡೆಯಿತು, ಲೇಟ್ ಡಿಸೆಂಬರ್ ಬರುತ್ತಿದ್ದಾಳೆ, ಹೊರಗಿನಿಂದ ಬರುತ್ತಿದ್ದಾಳೆ, ಮತ್ತು ಆಮೇಲೆ ಗ್ಯಾಲರಿಯ ಕೂಗಿನಲ್ಲಿ ಏನೂ ಕೇಳಿಸಲಿಲ್ಲ. ಮ್ಯಾಲಕಿ ಏರಿನ ತುದಿ ತಲುಪಿ, ಸಿಕ್ಕಿದ ಒಬ್ಬ ಅಪರಿಚಿತನ ಕೋಟಿನ ಕಾಲರು ಹಿಡಿದು, 'ಯಾರು? ಯಾರು ಗೆದ್ದಿದ್ದು?' ಎಂದು ಕೇಳಿದ. 'ಡಿಸೆಂಬರ್ ಅಂತೆ ಕಣ್ರೀ! ಪೂರಾ ಒಂದು ಕುದುರೆಯುದ್ದ ಮುಂದೆ! ನನ್ನ ದುಡ್ಡು ಹಾಳಾಗೋಯ್ತು, ನೀವ್ಯಾಕ್ರೀ ನನ್ನ ತಬ್ಕೋತೀರಾ?' ಎಂದು ಆತ ಬಿಡಿಸಿಕೊಂಡ.

ಗೆದ್ದ ಕುದುರೆಯನ್ನು ನಿಲ್ಲಿಸುವ ಜಾಗದಲ್ಲಿ ಸ್ಟೇಶಿಯಾ ಆಗಲೇ ನೋರಿಯ ಲಗಾಮು ಹಿಡಿದು ನಿಂತಿದ್ದಳು. ಅಮ್ಮನ ಕೋಟಿನ ತುಂಬ ನೊರೆ, ಕೆಸರು. ನೋರಿಯ ಮೈಯಿಂದ ಹಬೆ ಏಳುತ್ತಿತ್ತು. ಮ್ಯಾಲಕಿ ಬಂದು ಕುದುರೆಯ ಕುತ್ತಿಗೆಗೆ ಹಣೆ ಒತ್ತಿ ನಿಂತುಬಿಟ್ಟ. ಅಳುತ್ತಿದ್ದ, ನಾಚಿಕೆಯೂ ಆಗಲಿಲ್ಲ. ಏದುಸಿರಿನಲ್ಲೇ, ಕುದುರೆಯ ಕುತ್ತಿಗೆಗೇ ಹೇಳುವಂತೆ, 'ಸ್ಟೇಶಿಯಾ, ನೀನು ಪಾದ್ರಿಗೆ ಹೇಳಿದ್ದು ನನಗೆ ಕೇಳಿಸಿತ್ತು. ಅವತ್ತು ನಾನು ನಿಜ ಬರೆದಿದ್ದು ಒಳ್ಳೇತನಕ್ಕಲ್ಲ. ಅಂಗಡೀಲಿ ಕೂಗಿಬಿಟ್ಟಿದ್ದೆ, ಅದಕ್ಕೆ. ಇಲ್ದಿದ್ರೆ ಸುಳ್ಳೇ ಬರೀತಿದ್ದೆ' ಎಂದ.

'ಅಯ್ಯೋ ಪೆದ್ದೇ' ಎಂದಳು ಸ್ಟೇಶಿಯಾ. 'ಊರಿಗೆಲ್ಲ ಗೊತ್ತಿರೋದು ನನಗೆ ಗೊತ್ತಿಲ್ವಾ? ಪಾದ್ರಿಗೆ ಇನ್ನೇನು ಹೇಳ್ಬೇಕಿತ್ತು, ನನ್ನ ತಮ್ಮನ ಬಾಯಿ ನಿಲ್ಲಲ್ಲ ಅಂತಲಾ?' ಅವಳು ತನ್ನ ಕರವಸ್ತ್ರದಿಂದ ಮೊದಲು ಕುದುರೆಯ ಮೂಗು ಒರೆಸಿ, ಅದರಿಂದಲೇ ಅವನ ಮುಖವನ್ನೂ ಒರೆಸಿದಳು. 'ಅವತ್ತು ನಾನು ಅಡುಗೆಮನೆ ಕಿಟಕೀಲಿದ್ದೆ ಕಣೋ. ಒಂದು ಕಾಲಲ್ಲಿ ಬೂಟು, ಒಂದು ಕಾಲಲ್ಲಿ ಬರೀ ಕಾಲ್ಚೀಲ. ಅಪ್ಪ ಸತ್ತ ಮೇಲೆ ನೀನು ಯಾವುದಕ್ಕೂ ಓಡಿದ್ದನ್ನ ನಾನು ನೋಡಿರ್ಲಿಲ್ಲ. ಈ ಓಟ ನೋಡೋಕೆ ಕುದುರೇದು ಒಂದು ವರ್ಷ ಹೋದ್ರೆ ಹೋಗ್ಲಿ ಅಂತ ಅವತ್ತೇ ಅಂದ್ಕೊಂಡೆ. ಇವತ್ತು ಇನ್ನೊಂದು ಸಲ ನೋಡಿದೆ.' ಅವನ ಕಾಲು ನೋಡಿ, 'ಇವತ್ತು ಬೂಟು ಎರಡೂ ಇದೆ, ಪುಣ್ಯ' ಎಂದಳು.

ಮ್ಯಾಲಕಿಗೆ ಎದೆಯೊಳಗೆ ಆರು ವರ್ಷದಿಂದ ಉರಿಯುತ್ತಿದ್ದದ್ದು ಫಕ್ಕನೆ ಆರಿತು. 'ಬಲ್ಬು ಬಿಚ್ಚಿ ಹಾಕ್ತೀನಿ' ಎಂದ. 'ಮೇ ತಿಂಗಳಲ್ಲಿ, ಹುಲ್ಲು ಬಂದ ಮೇಲೆ ಒಯ್ಯೋಣ. ಅವಳಿಗೆ ಯಾವಾಗ ಬೇಕೋ ಅವಾಗ.' ಸ್ಟೇಶಿಯಾ ತಲೆಯಾಡಿಸಿದಳು.

ಎರಡನೆಯದಾಗಿ ಬಂದ ಕುದುರೆಯನ್ನು ನಿಲ್ಲಿಸುವ ಜಾಗ ಪಕ್ಕದಲ್ಲೇ ಇತ್ತು. ಅಲ್ಲಿ ಫಾನ್ಸಿ ಡೆಲಹಂಟಿ ಲೇಡಿ ಕ್ಲೋವರಿನ ಬೆನ್ನಿಗೆ ಕಂಬಳಿ ಹೊದಿಸುತ್ತ, ಯಾರ ಕಡೆಯೂ ನೋಡದೆ ನಿಂತಿದ್ದ. ಕಟಕಟೆಯ ಸುತ್ತ ಊರಿನವರಿದ್ದರು, ಹಾಲಿನ ಮನೆಗಳವರು, ಕೂಡುರಸ್ತೆಯ ಅಂಗಡಿಯವನು, ಯಾರ ಗಾಡಿ ಹತ್ತಿ ಬಂದನೋ ಮುದುಕ ಡ್ವಾಯರ್ ಕೂಡ. ಮ್ಯಾಲಕಿ ಕುದುರೆಯ ಕುತ್ತಿಗೆ ಬಿಟ್ಟು ನೆಟ್ಟಗೆ ನಿಂತ. ಟೋಪಿಯಿಲ್ಲದ ತಲೆ, ಕಿವಿಯವರೆಗೆ ಕೆಸರು.

'ಫಾನ್ಸಿ' ಎಂದು ಕರೆದ. 'ಇವತ್ತು ತಾರೀಖೆಷ್ಟು?'

ಕಟಕಟೆಯ ಸುತ್ತ ಎಲ್ಲರೂ ಸುಮ್ಮನಾದರು, ಅವತ್ತು ಅಂಗಡಿಯಲ್ಲಿ ಸುಮ್ಮನಾದ ಹಾಗೆ. ಫಾನ್ಸಿ ಕಂಬಳಿಯ ಪಟ್ಟಿ ಬಿಗಿದು, ಇನ್ನೊಂದು ಸಲ ಬಿಗಿದು, ಬಿಗಿಯಲು ಇನ್ನೇನೂ ಉಳಿಯದಾದಾಗ ತಿರುಗಿದ. ನೋರಿಯನ್ನು ಕಿವಿಯಿಂದ ಗೊರಸಿನವರೆಗೆ ನೋಡಿದ, ಕುದುರೆ ಬಲ್ಲವನು ನೋಡುವ ಹಾಗೆ. ಆಮೇಲೆ ಆ ಕಂದು ಟೋಪಿಯನ್ನು ತಲೆಯಿಂದ ತೆಗೆದ.

'ನವೆಂಬರ್ ಹದಿನೈದು' ಎಂದ.

'ಕೇಳಿಸ್ಲಿಲ್ಲ' ಎಂದ ಮುದುಕ ಡ್ವಾಯರ್, ಹಿಂದಿನಿಂದ.

'ನವೆಂಬರ್ ಹದಿನೈದು ಕಣ್ರೋ, ಗುರುವಾರ!' ಎಂದು ಫಾನ್ಸಿ ಕೂಗಿದ. ಜನ ಹೋ ಎಂದು ನಕ್ಕರು. ಆ ನಗುವಿನಲ್ಲಿ ಮ್ಯಾಲಕಿಯೂ ನಕ್ಕ, ತಾನು ನಗುತ್ತಿರುವುದನ್ನು ಗಮನಿಸದೆ ನಕ್ಕ.

'ಹಾಗಾದ್ರೆ ಹದಿನೇಳಕ್ಕೆ ಲಾರಿ ತರಬೇಡ' ಎಂದು, ನೋರಿಯ ಲಗಾಮು ಅಕ್ಕನ ಕೈಯಿಂದ ತೆಗೆದುಕೊಂಡು, ಕುದುರೆಯನ್ನು ನೀರು ಕುಡಿಸಲು ಕರೆದುಕೊಂಡು ಹೋದ.